ಗುಂಡಿ ಒತ್ತಿದವರೆಷ್ಟು, ಒತ್ತಿದ್ದೆಷ್ಟು ಸಲ?

ಗುಡ್ಡದ ಬಗ್ಗೆ ತೀರ್ಮಾನ ಕೈಗೊಳ್ಳುವ ಮುನ್ನ ಗುಡ್ಡದ ಜನರನ್ನು ಕೇಳಬೇಕೆಂಬುದು ಪರಿಸರ ಚಳವಳಿಯ ಹಳೆಯ ಬೇಡಿಕೆ. ಈಗ ಕೇಳುವುದಕ್ಕೊಂದು ಸುಲಭ ದಾರಿ ಬಂದಿದೆ. ಅಂತರ್ಜಾಲದಲ್ಲಿ ‘ಬೇಕು’, ‘ಬೇಡ’ ಎಂಬ ಎರಡು ಗುಂಡಿಗಳನ್ನಿಟ್ಟು, ಹೆಸರು ನೋಂದಾಯಿಸದೆ ಯಾರು ಬೇಕಾದರೂ ಒತ್ತಬಹುದೆಂದರೆ ಮುಗಿಯಿತು, ಜನಾಭಿಪ್ರಾಯ ಸಿದ್ಧ. ಆದರೆ ಒತ್ತಿದವರು ಎಷ್ಟು ಮಂದಿ, ಒತ್ತಿದ್ದು ಎಷ್ಟು ಸಲ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ನಮ್ಮ ಚುನಾವಣೆಗೆ ಎರಡು ಕಾವಲುಗಳಿವೆ: ಮತದಾರರ ಪಟ್ಟಿ ಮತ್ತು ಬೆರಳಿನ ಶಾಯಿ. 1937ರಲ್ಲಿ ಆರಂಭವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಈ ಶಾಯಿಯನ್ನು ಒದಗಿಸುತ್ತಿದೆ. ಅದರಲ್ಲಿರುವ ಬೆಳ್ಳಿಯ ನೈಟ್ರೇಟ್ ಬೆಳಕಿಗೆ ಕಪ್ಪಾಗಿ, ಉಗುರು ಬೆಳೆದು ಹೋಗುವ ತನಕ ನಿಲ್ಲುತ್ತದೆ. ಪಟ್ಟಿಯೇ ಇಲ್ಲದೆಡೆಯೂ ಶಾಯಿ ಕೆಲಸ ಮಾಡಬಲ್ಲದು. ದಕ್ಷಿಣ ಆಫ್ರಿಕದ 1994ರ ಚುನಾವಣೆಯಲ್ಲಿ ಮತದಾರರ ಪಟ್ಟಿ ಇರಲಿಲ್ಲ; ಕೈಗೆ ಹಚ್ಚಿದ ಗುರುತೇ ಎರಡನೆಯ ಮತವನ್ನು ತಡೆಯಬೇಕಾಗಿತ್ತು. ಹೆಸರು ಕೇಳದಿದ್ದರೂ ಅಲ್ಲಿ ಮನುಷ್ಯ ಎದುರಿಗಿದ್ದ.

ಅಂತರ್ಜಾಲದಲ್ಲಿ ಶಾಯಿ ಹಚ್ಚಲು ಬೆರಳಿಲ್ಲ. ಜಾಲತಾಣವು ಮೊಬೈಲಿನಲ್ಲಿ ‘ಕುಕಿ’ ಎಂಬ ಗುರುತನ್ನು ಉಳಿಸುತ್ತದೆ. ಅದನ್ನು ಅಳಿಸಲು ಕ್ಷಣ ಸಾಕು. ಒಂದು ಐಪಿ ವಿಳಾಸಕ್ಕೆ ಒಂದೇ ಮತ ಎಂದರೆ ಪ್ರಾಮಾಣಿಕರಿಗೇ ಪೆಟ್ಟು. ಮೊಬೈಲ್ ಕಂಪನಿಗಳು ಅನೇಕ ಗ್ರಾಹಕರಿಗೆ ಒಂದೇ ವಿಳಾಸವನ್ನು ಹಂಚುವುದರಿಂದ, ಉಗರಗೋಳದ ರೈತನೊಬ್ಬ ಮತ ಹಾಕಿದರೆ ನೆರೆಮನೆಯಾಕೆಗೆ ‘ನಿಮ್ಮ ಮತ ಮುಗಿದಿದೆ’ ಎಂಬ ಉತ್ತರ ಬಂದೀತು. ವಂಚಕನಾದರೋ ನೂರಾರು ವಿಳಾಸಗಳನ್ನು ಬಾಡಿಗೆಗೆ ತರುತ್ತಾನೆ. ಒಟಿಪಿ ಕೇಳಿದರೆ ವಂಚನೆ ತಗ್ಗುತ್ತದೆ, ನಿಜ. ಆದರೆ ಅದು ನೋಂದಣಿಯ ಇನ್ನೊಂದು ಹೆಸರು, ಮೊಬೈಲಿಲ್ಲದವರು ಆಗಲೂ ಹೊರಗೇ.

ಇದು ಕಲ್ಪನೆಯ ಭಯವಲ್ಲ. 2017ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಅಂತರ್ಜಾಲ ಸಮಾನತೆಯ ಬಗ್ಗೆ ಅಭಿಪ್ರಾಯ ಕೇಳಿದಾಗ ಸುಮಾರು 2.2 ಕೋಟಿ ಉತ್ತರಗಳು ಬಂದವು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿಯೆಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2021ರಲ್ಲಿ ವರದಿ ಮಾಡಿದರು. 77 ಲಕ್ಷ ಉತ್ತರಗಳು 19 ವರ್ಷದ ಒಬ್ಬ ವಿದ್ಯಾರ್ಥಿಯ ಗಣಕಯಂತ್ರದ ಕೆಲಸವಾಗಿದ್ದವು.

ವಂಚನೆಯನ್ನು ಪೂರ್ತಿ ತಡೆದರೂ ದೋಷವೊಂದು ಉಳಿಯುತ್ತದೆ. ಮಣ್ಣು ಪರೀಕ್ಷೆಗೆ ಬದುವಿನ ಅಂಚು, ತಿಪ್ಪೆಯ ಬುಡ, ಮರದ ನೆರಳು ಬಿಟ್ಟು ಹೊಲದ ಹಲವೆಡೆಯಿಂದ ಮಣ್ಣು ತೆಗೆಯಬೇಕೆಂದು ರೈತರಿಗೆ ಹೇಳುತ್ತೇವೆ. ತಿಪ್ಪೆಯ ಬುಡದ ಮಣ್ಣು ಎಷ್ಟು ಬುಟ್ಟಿ ತಂದರೂ ಹೊಲದ ಗುಣ ಹೇಳದು. ತಾವಾಗಿ ಬಂದು ಗುಂಡಿ ಒತ್ತಿದವರ ಎಣಿಕೆಯೂ ಹಾಗೆಯೇ. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬಂದು ಹೋಗುವ ಯಾತ್ರಿಕರದೂ ಒಂದು ಅಭಿಪ್ರಾಯವೇ; ಆದರೆ ಜಾತ್ರೆಯ ಮರುದಿನ ಉಳಿಯುವ ಕಸ, ನೀರಿನ ಕೊರತೆಗಳೊಡನೆ ಬಾಳುವವರ ಮಾತು ಅದರಲ್ಲಿ ಮುಳುಗಬಾರದು.

ಆದ್ದರಿಂದ ಇಂಥ ಮತದಾನವನ್ನು ಆಸಕ್ತಿಯ ಸೂಚನೆಯೆಂದಷ್ಟೇ ಬಳಸೋಣ. ನಡೆಸುವವರು ಮತದಾನ ಮುಗಿಯುವವರೆಗೆ ಎಣಿಕೆಯನ್ನು ಮರೆಯಲ್ಲಿಡಲಿ. ಒಮ್ಮೆಲೇ ನುಗ್ಗುವ ಮತಗಳನ್ನು ತಡೆದು ಪರಿಶೀಲಿಸಲಿ. ಯಾವ ಗಂಟೆಗೆ ಎಷ್ಟು ಮತ ಬಂತೆಂಬುದನ್ನು ಕೊನೆಗೆ ಪ್ರಕಟಿಸಲಿ. ಅಭಿಪ್ರಾಯದ ಪ್ರಮಾಣ ತಿಳಿಯಬೇಕಿದ್ದರೆ ಮತದಾರರ ಪಟ್ಟಿಯಿಂದ ಚೀಟಿ ಎತ್ತಿ, ಆ ಮನೆಗಳಿಗೆ ಹೋಗಿ ಕೇಳಲಿ. ಈ ಕೆಲಸವನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳೂ ಮಾಡಬಲ್ಲರು.

ತೀರ್ಮಾನದ ಸ್ಥಳ ಮಾತ್ರ ಗ್ರಾಮಸಭೆ. ಒಡಿಶಾದ ನಿಯಮಗಿರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2013ರಲ್ಲಿ 12 ಗ್ರಾಮಸಭೆಗಳು ಸೇರಿದವು. ನ್ಯಾಯಾಧೀಶರ ಸಮಕ್ಷಮದಲ್ಲಿ ಡೋಂಗ್ರಿಯಾ ಕೊಂಧರು ಮತ್ತು ಅವರ ನೆರೆಯವರು ಬಾಕ್ಸೈಟ್ ಗಣಿಯನ್ನು ಬೇಡವೆಂದರು. 12 ಸಭೆಗಳ ಜನ ಲಕ್ಷಗಟ್ಟಲೆ ಇರಲಿಲ್ಲ. ಆದರೆ ಪ್ರತಿ ಮಾತಿಗೂ ಒಬ್ಬ ಮನುಷ್ಯನಿದ್ದ, ಆತನ ಊರಿತ್ತು. ಗ್ರಾಮಸಭೆಗೂ ಬೆದರಿಕೆ, ಆಮಿಷಗಳು ತಟ್ಟಬಹುದು. ಆದರೆ ಅಲ್ಲಿ ನಡೆದ ಮೋಸವನ್ನು ನೋಡಲು ಊರಿನ ಕಣ್ಣುಗಳಿರುತ್ತವೆ.

ನಾಳೆ ಯಾರಾದರೂ ನಮ್ಮ ಗುಡ್ಡದ ಬಗ್ಗೆ ಶೇಕಡಾವಾರು ಬೆಂಬಲದ ಲೆಕ್ಕ ತಂದರೆ, ಒತ್ತಿದವರು ಯಾರು, ಎಷ್ಟು ಸಲ, ಕೇಳದೆ ಉಳಿದವರು ಯಾರು ಎಂದು ಸಭೆಯಲ್ಲಿ ಎದ್ದು ನಿಂತು ಕೇಳಿರಿ. ಉತ್ತರ ಬರುವವರೆಗೆ ಆ ಲೆಕ್ಕವನ್ನು ಠರಾವಿಗೆ ಸೇರಿಸಲು ಬಿಡಬೇಡಿರಿ.