ಪೇಟೆಯ ಮತ, ಅಂಚಿನ ಮತ

ಚುನಾವಣೆಯ ಫಲಿತಾಂಶ ಹೊರಬಿದ್ದೊಡನೆ ಎಲ್ಲ ದೇಶಗಳಲ್ಲಿಯೂ ಕೇಳಿಬರುವ ಮಾತೊಂದುಂಟು: “ಪೇಟೆಯವರು ಒಂದು ಕಡೆ ವಾಲಿದರು, ಹೊರಗಿನವರು ಇನ್ನೊಂದು ಕಡೆ ವಾಲಿದರು.” ಬೀದರದ ಚೌಬಾರದ ಬಳಿ ಚಹ ಕುಡಿಯುವವರಿಗೂ ಅಮೆರಿಕೆಯ ರಾಜಕೀಯ ಪಂಡಿತರಿಗೂ ಈ ಲೆಕ್ಕ ಸಮಾನವಾಗಿ ಪ್ರಿಯವಾದುದು. ಲೆಕ್ಕವೇನೋ ಸುಲಭ, ಆದರೆ ಅದು ಸರಿಯೆ?

ಅಮೆರಿಕೆಯಲ್ಲಿ ಇದಕ್ಕೆ ಆಧಾರವಿಲ್ಲದೆ ಇಲ್ಲ. ಎರಡನೆಯ ಮಹಾಯುದ್ಧದ ತರುವಾಯ ಸರ್ಕಾರದ ಬೆಂಬಲವುಳ್ಳ ಗೃಹಸಾಲ, ಮೋಟಾರು, ಹೆದ್ದಾರಿ ಇವು ಮೂರೂ ಕೂಡಿ ಅಲ್ಲಿನ ಮಧ್ಯಮ ವರ್ಗವನ್ನು ನಗರದಿಂದಾಚೆಗೆ ಕರೆದೊಯ್ದುವು. ನ್ಯೂಯಾರ್ಕಿನ ಹೊರವಲಯದಲ್ಲಿ 1947ರಲ್ಲಿ ಮೊದಲಾದ ಲೆವಿಟ್‌ಟೌನ್ ಇಂಥ ಉಪನಗರಗಳಿಗೆ ಮಾದರಿಯಾಯಿತು. ಕಪ್ಪು ವರ್ಣೀಯರಿಗೆ ಮಾತ್ರ ಅಲ್ಲಿ ಮನೆ ದೊರೆಯುತ್ತಿರಲಿಲ್ಲ. ಹೀಗೆ ಕಾರ್ಮಿಕರೂ ಕಪ್ಪು ವರ್ಣೀಯರೂ ಹೆಚ್ಚಾಗಿದ್ದ ದೊಡ್ಡ ನಗರಗಳು ಡೆಮೊಕ್ರಾಟಿಕ್ ಪಕ್ಷಕ್ಕೆ ಒಲಿದುವು. ಉಪನಗರಗಳಲ್ಲಿ ಬಹುಪಾಲು ರಿಪಬ್ಲಿಕನ್ ಪಕ್ಷವನ್ನು ಹಿಡಿದುವು. 1960ರಲ್ಲಿ ಜಾನ್ ಕೆನಡಿಯವರು ಇಲಿನಾಯ್ ರಾಜ್ಯವನ್ನು ಗೆದ್ದುದು 9,000ಕ್ಕೂ ಕಡಿಮೆ ಮತಗಳ ಅಂತರದಿಂದ. ಆದರೆ ಆ ರಾಜ್ಯದ ಶಿಕಾಗೋ ನಗರವೊಂದರಲ್ಲಿಯೇ ಅವರಿಗೆ 4 ಲಕ್ಷಕ್ಕೂ ಮೀರಿದ ಮುನ್ನಡೆಯಿತ್ತು. ನಗರ ಕೊಟ್ಟುದನ್ನೆಲ್ಲ ಹೊರಗಿನವರು ಹೆಚ್ಚು ಕಡಿಮೆ ಹಿಂದಕ್ಕೆ ಪಡೆದಿದ್ದರು!

ಆದರೆ ಉಪನಗರದ ಒಲವು ಶಾಶ್ವತವೆಂದು ನಂಬಿದವರು ಮೋಸಹೋದರು. ಲಾಸ್ ಏಂಜಲಿಸ್ ನಗರದ ನೆರೆಯ ಆರೆಂಜ್ ಕೌಂಟಿ ರಿಪಬ್ಲಿಕನ್ ಪಕ್ಷದ ಭದ್ರಕೋಟೆಯೆನಿಸಿತ್ತು. 1936ರ ಅನಂತರ ಅಧ್ಯಕ್ಷ ಪದವಿಯ ಯಾವ ಡೆಮೊಕ್ರಾಟಿಕ್ ಅಭ್ಯರ್ಥಿಗೂ ದಕ್ಕದಿದ್ದ ಆ ಪ್ರದೇಶ 2016ರಲ್ಲಿ ಹಿಲರಿ ಕ್ಲಿಂಟನ್ ಅವರ ಕಡೆಗೆ ತಿರುಗಿತು. ಸ್ಥಳ ಅದೇ, ಅಲ್ಲಿ ಸಂಸಾರ ಹೂಡಿದವರು ಬೇರೆ. ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕಾ ಮೂಲದ ಕುಟುಂಬಗಳು ಬಂದು ನೆಲಸಿದ್ದುವು. ಕಾಲೇಜು ಓದಿದವರ ಮನಸ್ಸೂ ಬದಲಾಗಿತ್ತು.

ಇದೇ ಅಳತೆಗೋಲನ್ನು ಬೀದರಕ್ಕೆ ತಂದರೆ ಏನಾದೀತು? ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆದ ಮೇಲೆ, 2008ರ ವಿಧಾನಸಭಾ ಚುನಾವಣೆಯಿಂದ, ಬೀದರ ನಗರಕ್ಕೊಂದು ಕ್ಷೇತ್ರ, ಅದರ ದಕ್ಷಿಣದ ಹಳ್ಳಿಗಾಡಿಗೆ ಬೀದರ ದಕ್ಷಿಣವೆಂಬ ಇನ್ನೊಂದು ಕ್ಷೇತ್ರ ಎಂದಾಯಿತು. 2008, 2013, 2018, 2023 ಈ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಒಮ್ಮೆಯಾದರೂ ಈ ಎರಡು ಕ್ಷೇತ್ರಗಳು ಒಂದೇ ಪಕ್ಷವನ್ನು ಆರಿಸಲಿಲ್ಲ. 2023ರಲ್ಲಿ ನಗರ ಕಾಂಗ್ರೆಸ್ಸಿನ ರಹೀಂ ಖಾನರನ್ನು ಕಳುಹಿಸಿದರೆ, ದಕ್ಷಿಣ ಭಾರತೀಯ ಜನತಾ ಪಕ್ಷದ ಡಾ. ಶೈಲೇಂದ್ರ ಬೆಲ್ದಾಳೆಯವರನ್ನು ಕಳುಹಿಸಿತು. ಇಷ್ಟನ್ನೇ ನೋಡಿದವರು, “ಅಮೆರಿಕೆಯಂತೆಯೇ ಇಲ್ಲಿಯೂ” ಎಂದು ತಲೆದೂಗಬಹುದು.

ಅವಸರ ಬೇಡ. ಭಾಲ್ಕಿ ಮತ್ತು ಔರಾದಗಳ ಕಡೆ ಕಣ್ಣು ಹಾಯಿಸಬೇಕು. ಎರಡೂ ಅಕ್ಕಪಕ್ಕದ ತಾಲ್ಲೂಕುಗಳು. ಎರಡೂ ಸಣ್ಣ ಪಟ್ಟಣದ ಸುತ್ತ ಹಳ್ಳಿಗಳಿರುವ ಬೇಸಾಯದ ಸೀಮೆಗಳು. ಆ ನಾಲ್ಕೂ ಚುನಾವಣೆಗಳಲ್ಲಿ ಭಾಲ್ಕಿ ಕಾಂಗ್ರೆಸ್ಸಿನ ಈಶ್ವರ ಖಂಡ್ರೆಯವರನ್ನು ಆರಿಸಿತು. ಔರಾದ ಭಾರತೀಯ ಜನತಾ ಪಕ್ಷದ ಪ್ರಭು ಚವ್ಹಾಣರನ್ನು ಆರಿಸಿತು. ಪೇಟೆ, ಹಳ್ಳಿ ಎಂಬ ಭೇದವೇ ಮತವನ್ನು ನಿರ್ಧರಿಸುವುದಾದರೆ ಈ ಎರಡು ಸೀಮೆಗಳು ಜೊತೆಯಾಗಿ ನಡೆಯಬೇಕಾಗಿತ್ತು. ಇಲ್ಲಿ ಅಭ್ಯರ್ಥಿಯ ಹೆಸರು, ಮನೆತನ, ಜಾತಿ, ನಿತ್ಯದ ಒಡನಾಟ ಇವೂ ತಕ್ಕಡಿಯಲ್ಲಿ ಕುಳಿತಿರುತ್ತವೆ. ರಾಮಚಂದ್ರ ವೀರಪ್ಪನವರನ್ನು ಬೀದರದ ಜನ 1962 ಮತ್ತು 1967ರಲ್ಲಿ ಕಾಂಗ್ರೆಸ್ಸಿನವರಾಗಿ ಲೋಕಸಭೆಗೆ ಕಳುಹಿಸಿದರು. 1991ರಿಂದ 2004ರವರೆಗೆ ಐದು ಬಾರಿ ಭಾರತೀಯ ಜನತಾ ಪಕ್ಷದವರಾಗಿ ಕಳುಹಿಸಿದರು. ಪಕ್ಷ ಬದಲಾದರೂ ಮನುಷ್ಯನ ಮೇಲಿನ ವಿಶ್ವಾಸ ಉಳಿಯಿತು.

ಮತಗಳನ್ನು ಯಾವ ರಾಶಿಯಲ್ಲಿ ಎಣಿಸುತ್ತಾರೆಂಬುದೂ ಸಣ್ಣ ವಿಷಯವಲ್ಲ. ಅಮೆರಿಕೆಯ ಬಹುತೇಕ ರಾಜ್ಯಗಳಲ್ಲಿ ಅಧ್ಯಕ್ಷರ ಆಯ್ಕೆಗೆ ನಗರ, ಉಪನಗರ, ಹಳ್ಳಿಗಳೆಲ್ಲವೂ ಒಂದೇ ರಾಶಿ. ಬೀದರದಲ್ಲಿ ವಿಧಾನಸಭೆಗೆ ರಾಶಿಗಳು ಬೇರೆ ಬೇರೆ. ಲೋಕಸಭೆಗೆ ಎಂಟು ಕ್ಷೇತ್ರಗಳದು ಒಂದೇ ರಾಶಿ. 2023ರಲ್ಲಿ ಈ ಎಂಟರಲ್ಲಿ ಐದು ಭಾರತೀಯ ಜನತಾ ಪಕ್ಷದ ಪಾಲಾದುವು. ಮರುವರ್ಷವೇ ಅದೇ ಪ್ರದೇಶ ಕಾಂಗ್ರೆಸ್ಸಿನ ಸಾಗರ ಖಂಡ್ರೆಯವರನ್ನು 1 ಲಕ್ಷ 28 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಲೋಕಸಭೆಗೆ ಆರಿಸಿತು. ಗೆರೆ ಮತ್ತು ಹುರಿಯಾಳು ಬದಲಾದರೆ ಫಲವೂ ಬದಲಾಗುವುದು.

ಆದುದರಿಂದ “ನಮ್ಮ ಬಡಾವಣೆಯ ಮತ ಎತ್ತ ಹೋಗುವುದೆಂದು ಎಲ್ಲರಿಗೂ ಗೊತ್ತು, ನಾವೊಬ್ಬರು ಹೋಗದಿದ್ದರೇನು?” ಎಂದು ಮತದಾನದ ದಿನ ಮನೆಯಲ್ಲಿಯೇ ಉಳಿಯುವ ವಿದ್ಯಾವಂತ ಗೃಹಸ್ಥರು ಒಂದು ಅಂಕಿಯನ್ನು ನೆನಪಿಡುವುದು ಒಳ್ಳೆಯದು. 2023ರಲ್ಲಿ ಬೀದರ ದಕ್ಷಿಣದ ಸೋಲು ಗೆಲುವುಗಳ ನಡುವಿನ ಅಂತರ 1,263 ಮತಗಳು ಮಾತ್ರ. ಒಂದೆರಡು ಬಡಾವಣೆಗಳ ಸಂಸಾರಗಳು ಮನಸ್ಸು ಮಾಡಿದ್ದರೆ ಅದು ಅತ್ತಲೂ ಹೋಗಬಹುದಿತ್ತು, ಇತ್ತಲೂ ಹೋಗಬಹುದಿತ್ತು. ಊರು ಮತ ಹಾಕುವುದಿಲ್ಲ; ಊರಿನಲ್ಲಿರುವ ಮನುಷ್ಯ ಹಾಕುತ್ತಾನೆ.