ಘಟ್ಟದ ದಾರಿಯಲ್ಲಿ ಬೈಸಿಕಲ್ಲಿನ ಪಾಲು

ಬೈಸಿಕಲ್ಲನ್ನೇರಿ ಕರಾವಳಿಯಿಂದ ಘಟ್ಟದ ಮೇಲಕ್ಕೆ ಪ್ರವಾಸ ಹೊರಟವರನ್ನು ಕಂಡು ಜನರು ಎರಡು ವಿಧವಾಗಿ ಮಾತನಾಡುವರು. “ಪಾಪ, ಕಾರಿಗೆ ಗತಿಯಿಲ್ಲ” ಎಂಬುದು ಒಂದು. “ಹಣ ಹೆಚ್ಚಾದವರ ಹುಚ್ಚು” ಎಂಬುದು ಇನ್ನೊಂದು. ಒಂದೇ ವಾಹನವು ದಾರಿದ್ರ್ಯಕ್ಕೂ ಧನಮದಕ್ಕೂ ಏಕಕಾಲದಲ್ಲಿ ಚಿಹ್ನೆಯಾಗುವುದು ಹೇಗೆಂದು ಕೇಳಿದರೆ ಉತ್ತರವಿಲ್ಲ. ಇವೆರಡೂ ಬರಿಯ ಹರಟೆಯಾದ್ದರಿಂದ ಬಿಟ್ಟುಬಿಡಬಹುದು. ಆದರೆ ಮೂರನೆಯ ಮಾತೊಂದುಂಟು: “ಇಂಥ ರಸ್ತೆಯಲ್ಲಿ ಬೈಸಿಕಲ್ಲಿಗೇನು ಕೆಲಸ?” ಇದು ಹರಟೆಯಲ್ಲ. ರಸ್ತೆಯ ನಕ್ಷೆ ಬರೆಯುವವರ ಮನಸ್ಸಿನಲ್ಲಿ ಇದು ಸಿದ್ಧಾಂತವಾಗಿ ನೆಲೆಸಿರುವುದು. ಆದುದರಿಂದ ಇದನ್ನೇ ಪೂರ್ವಪಕ್ಷವಾಗಿಟ್ಟುಕೊಂಡು ವಿಚಾರಿಸತಕ್ಕದ್ದು.

ಕೆಲಸವೇನೆಂಬುದಕ್ಕೆ ಉಡುಪಿಯಿಂದ ಆಗುಂಬೆಗೆ ಹೋಗುವ ದಾರಿಯೊಂದೇ ಸಾಕಾದ ಉತ್ತರ. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ, ಅನಂತರ ಘಟ್ಟ. ಕಾರಿನಲ್ಲಿ ಕುಳಿತವನಿಗೆ ಇದು ಎರಡು ಗಂಟೆಗೂ ಕಡಿಮೆಯ ಹಾದಿ. ಗಾಜು ಮುಚ್ಚಿದ್ದರೆ ಉಡುಪಿಯ ಗಾಳಿಯೇ ಆಗುಂಬೆಯವರೆಗೂ ಅವನೊಡನೆ ಬರುವುದು. ಬೈಸಿಕಲ್ಲಿನವನಿಗೆ ಹಾಗಲ್ಲ. ಉಪ್ಪುಗಾಳಿ ಎಲ್ಲಿ ನಿಂತಿತೆಂಬುದನ್ನು ಅವನ ಚರ್ಮವೇ ಹೇಳುವುದು. ಮುರಕಲ್ಲಿನ ಗೋಡೆಗಳೂ ತೆಂಗಿನ ತೋಟಗಳೂ ಹಿಂದಾಗಿ, ಅಡಕೆಯ ತೋಟಗಳೂ ಕಾಡೂ ಮುಂದೆ ಬರುವುದನ್ನು ಅವನು ಮೊಳಮೊಳವಾಗಿ ಅಳೆದಂತೆ ನೋಡುವನು. ನೀರಿಗಾಗಿ ಅಂಗಡಿಯ ಮುಂದೆ ಇಳಿದಲ್ಲೆಲ್ಲ ಮಾತು ಕೇಳಿಸುವುದು. ತುಳು ಕ್ರಮವಾಗಿ ಕಡಿಮೆಯಾಗಿ, ಘಟ್ಟದ ಮೇಲೆ ಮಲೆನಾಡಿನ ಕನ್ನಡ ಎದುರಾಗುವುದು. ಭಾಷೆಯ ಗಡಿ ನಕ್ಷೆಯ ಗೆರೆಯಂತೆ ಇರುವುದಿಲ್ಲ, ನೀರಿನಲ್ಲಿ ಕರಗಿದ ಬಣ್ಣದಂತೆ ಇರುವುದು ಎಂಬುದನ್ನು ಯಾವ ವ್ಯಾಕರಣ ಗ್ರಂಥವೂ ಇಷ್ಟು ಚೆನ್ನಾಗಿ ಕಲಿಸಲಾರದು.

ಘಟ್ಟದ ಬುಡದಲ್ಲಿ ಸೀತಾನದಿ ಹರಿಯುವುದು. ಅಲ್ಲಿಂದ ಮುಂದೆ 14 ಹೇರ್‌ಪಿನ್ ತಿರುವುಗಳು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿರುವುದೆಂದು ಪುಸ್ತಕದಲ್ಲಿ ಓದಿದವನಿಗೂ ಆ 650 ಮೀಟರನ್ನು ತೊಡೆಯ ಬಲದಿಂದ ಏರಿದವನಿಗೂ ಭೂಗೋಳದಲ್ಲಿ ಸಮಾನವಾದ ಜ್ಞಾನವಿದೆಯೆಂದು ಯಾರು ಹೇಳುವರು? ಕೆಲವು ತಿರುವುಗಳಲ್ಲಿ ಅವನು ಇಳಿದು ಬೈಸಿಕಲ್ಲನ್ನು ತಳ್ಳಿಕೊಂಡು ಹೋಗುವನು. ಅದರಲ್ಲಿ ನಾಚಿಕೆಯೇನೂ ಇಲ್ಲ. ಮೇಲೇರಿ ನಿಂತಾಗ ಅವನಿಗೆ ಒಂದು ವಿಷಯ ಹೊಳೆಯುವುದು: ಈ ಬೆಟ್ಟದ ಪಶ್ಚಿಮದ ಮಗ್ಗುಲಿಗೆ ಬಿದ್ದ ಮಳೆಯು ತಾನು ಹತ್ತಿ ಬಂದ ದಾರಿಯಲ್ಲೇ ಇಳಿದು ಸ್ವಲ್ಪ ಹೊತ್ತಿನಲ್ಲೇ ಅರಬ್ಬೀ ಸಮುದ್ರವನ್ನು ಸೇರುವುದು, ಪೂರ್ವದ ಮಗ್ಗುಲಿಗೆ ಬಿದ್ದುದು ತುಂಗೆಗೆ ಸೇರಿ, ಕೃಷ್ಣೆಯಾಗಿ, ಇಡೀ ದಕ್ಷಿಣಾಪಥವನ್ನು ಸುತ್ತಿ ಬಂಗಾಳಕೊಲ್ಲಿಗೆ ಹೋಗುವುದು. ಕಾರಿನವರು ಅದೇ ಸ್ಥಳಕ್ಕೆ ಸೂರ್ಯಾಸ್ತ ನೋಡಲು ಬರುವರು. ಸೂರ್ಯನು ಮೋಡದಲ್ಲಿದ್ದರೆ ಬೇಸರಪಟ್ಟು ಹಿಂದಿರುಗುವರು.

ಮೇಘದೂತದ ಯಕ್ಷನು ಮೇಘಕ್ಕೆ ದಾರಿ ಹೇಳುವಾಗ ರಾಮಗಿರಿಯಿಂದ ಅಲಕೆಗೆ ನೇರವಾದ ಹಾದಿಯನ್ನು ಹೇಳಲಿಲ್ಲ. ದಣಿದಾಗ ಬೆಟ್ಟಗಳ ಮೇಲೆ ಇಳಿಯಬೇಕು, ನದಿಗಳ ನೀರು ಕುಡಿಯಬೇಕು, ಸುತ್ತಾದರೂ ಉಜ್ಜಯಿನಿಯನ್ನು ತಪ್ಪಿಸಬಾರದು ಎಂದನು. ವಿರಹದಿಂದ ಬೆಂದವನಿಗೇ ಅಷ್ಟು ಸಾವಧಾನವಿದ್ದಾಗ, ಎರಡು ದಿನದ ರಜೆಯಲ್ಲಿ ವಿನೋದಕ್ಕಾಗಿ ಹೊರಟವರಿಗೆ ಇಷ್ಟು ಅವಸರವೇಕೆ?

ಇನ್ನು ಕರಾವಳಿಯ ರಸ್ತೆಯ ಸ್ಥಿತಿ. ಮಂಗಳೂರಿನಿಂದ ಕಾರವಾರದವರೆಗೆ ನದಿಗಳ ಮೇಲೆ ನದಿಗಳನ್ನು ದಾಟಿಸುವ ಹೆದ್ದಾರಿ, ಮೊದಲು 17 ಎಂಬ ಸಂಖ್ಯೆಯದು, ಈಗ 66 ಎಂಬುದು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ರಸ್ತೆ. ಇಂಥ ಸ್ಥಳವನ್ನು ಬೈಸಿಕಲ್ಲಿನವನು ಮನಸ್ಸಿಟ್ಟು ನೋಡುವ ಹಾಗಿಲ್ಲ. ಬೆನ್ನ ಹಿಂದಿನ ಹಾರನ್ನಿನ ಮೇಲೆಯೇ ಅವನ ಗಮನವಿರಬೇಕು. ಹೆದ್ದಾರಿಯನ್ನು ಚತುಷ್ಪಥವಾಗಿ ಅಗಲಿಸಿದರು. ಅಗಲವು ಯಾರ ಪಾಲಿಗೆ ಹೋಯಿತು? ಅಂಚಿನಲ್ಲಿ ಉಳಿದ ಒಂದೆರಡು ಅಡಿಗಳಲ್ಲಿ ಜಲ್ಲಿ, ನಿಂತ ಲಾರಿ, ಮೀನಿನ ಲಾರಿಯಿಂದ ಸೋರಿದ ನೀರು. ಸರ್ವಿಸ್ ರಸ್ತೆ ಎಂಬುದು ಎಲ್ಲಿ ಆರಂಭವಾಗಿ ಎಲ್ಲಿ ಮಾಯವಾಗುವುದೋ ಬ್ರಹ್ಮನೇ ಬಲ್ಲ. ನಡುವೆ ಗೋಡೆಯಂತೆ ವಿಭಜಕ ಹಾಕಿದುದರಿಂದ, ಎದುರಿಗೇ ಕಾಣುವ ಶಾಲೆಗೆ ಹೋಗಬೇಕಾದ ಬಾಲಕಿಯು ಬಹುದೂರ ಸುತ್ತಬೇಕು, ಇಲ್ಲವೇ ವಿರುದ್ಧ ದಿಕ್ಕಿನಲ್ಲಿ ಬೈಸಿಕಲ್ಲು ತುಳಿಯಬೇಕು. ಅವಳು ಎರಡನೆಯದನ್ನೇ ಮಾಡುವಳು. ಆಮೇಲೆ ನಿಯಮ ಮುರಿದವಳೆಂದು ಅವಳನ್ನೇ ದೂರುವರು!

ಈ ಬಾಲಕಿಯನ್ನು ಇಲ್ಲಿ ತಂದುದು ಸುಮ್ಮನೆಯಲ್ಲ. ಪ್ರವಾಸಿಯ ಹಕ್ಕೂ ಅವಳ ಹಕ್ಕೂ ಒಂದೇ. ರಾಜ್ಯ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಅದು ನಿಂತುಹೋಯಿತು. ಅದು ನಡೆಯುತ್ತಿದ್ದ ಅಷ್ಟೂ ವರ್ಷ, ಒಂದು ಕೈಯಿಂದ ಬೈಸಿಕಲ್ಲು ಕೊಟ್ಟು ಇನ್ನೊಂದು ಕೈಯಿಂದ ಅದರ ದಾರಿಯನ್ನು ಕಿತ್ತುಕೊಂಡಂತಾಯಿತು. ಊಟಕ್ಕೆ ಕರೆದು ಎಲೆ ಹಾಕದಿರುವುದು ಎಂದರೆ ಇದೇ. ಹೆಸರಿನ ವಿಷಯದಲ್ಲಿಯೂ ಇದೇ ಅನ್ಯಾಯ. “ದ್ವಿಚಕ್ರವಾಹನ” ಎಂಬ ಮಾತು ನ್ಯಾಯವಾಗಿ ಬೈಸಿಕಲ್ಲಿಗೆ ಸೇರತಕ್ಕದ್ದು. ಈಗ ಕಚೇರಿಯ ಕಾಗದಗಳಲ್ಲಿ ಸ್ಕೂಟರುಗಳು ಅದನ್ನು ಅಪಹರಿಸಿರುವುವು.

ಪೂರ್ವಪಕ್ಷಿಗಳು ಇಲ್ಲಿ ಒಂದು ಬಲವಾದ ಆಕ್ಷೇಪಣೆಯನ್ನು ತರುವರು. ಬೈಸಿಕಲ್ಲಿಗೂ ಜಾಗ ಕೊಡಬೇಕಾದರೆ ರಸ್ತೆಯನ್ನು ಇನ್ನೂ ಅಗಲಿಸಬೇಕು, ಗುಡ್ಡವನ್ನು ಇನ್ನೂ ಕಡಿಯಬೇಕು, ಅದು ಸಮ್ಮತವೇ ಎಂದು. ಸಮ್ಮತವಲ್ಲ. ಗುಡ್ಡದ ಬುಡ ಕಡಿದುದರ ಫಲವೇನೆಂಬುದು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕಣ್ಣಿಗೆ ಕಂಡಿತು. ಅದೇ ಹೆದ್ದಾರಿಯ ಬದಿಯ ಗುಡ್ಡ ಕುಸಿದು, ಚಹದಂಗಡಿಯನ್ನೂ ಜನರನ್ನೂ ಲಾರಿಯನ್ನೂ ಗಂಗಾವಳಿಯ ಕಡೆಗೆ ಕೊಚ್ಚಿಕೊಂಡು ಹೋಯಿತು. ಆದರೆ ಗುಡ್ಡ ಕಡಿದುದು ಬೈಸಿಕಲ್ಲಿಗಾಗಿಯೇ? ನಾಲ್ಕು ಸಾಲು ವಾಹನಗಳು ಓಡಲೆಂದು ಕಡಿದು, ಒಂದು ಗೇಣು ಜಾಗ ಕೇಳಿದವನ ಮುಂದೆ ಪರ್ವತರಕ್ಷಣೆಯ ಉಪದೇಶ ಮಾಡುವುದು ಬೆಕ್ಕು ಏಕಾದಶಿ ಮಾಡಿದಂತೆ. ಬಯಲಿನಲ್ಲಿ ಬೇಕಾದುದು ಈಗಿರುವ ಅಂಚನ್ನು ಗುಡಿಸಿ, ಗೆರೆ ಎಳೆದು, ಅಲ್ಲಿ ಲಾರಿ ನಿಲ್ಲದಂತೆ ನೋಡಿಕೊಳ್ಳುವುದು ಮಾತ್ರ. ಘಟ್ಟದಲ್ಲಿ ಅದೂ ಬೇಡ. ವೇಗ ತಗ್ಗಿದರೆ ಸಾಕು. ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡತಕ್ಕದ್ದೆಂಬ ನಿಯಮವು ಈ ದೇಶದ ರಸ್ತೆ ನಿಯಮಗಳಲ್ಲಿಯೇ ಇರುವುದು. ಏರುವವನು ಬೈಸಿಕಲ್ಲಿನವನಾದರೆ ಈ ಮರ್ಯಾದೆ ಸಲ್ಲದೆಂದು ಯಾರು ನಿರ್ಣಯಿಸಿದರು?

ಬೈಸಿಕಲ್ ಯಾತ್ರೆ ಪರದೇಶದ ಫ್ಯಾಷನ್ನು ಎಂಬ ಆಕ್ಷೇಪಣೆಗೆ ಹೆಚ್ಚು ಮಾತು ಬೇಡ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ಯುವಕರಲ್ಲಿ ಮೂವರು, ಹಕೀಮ್, ಬಾಪಸೋಲಾ, ಭೂಮಗಾರಾ ಎಂಬವರು, ಬೈಸಿಕಲ್ಲಿನ ಮೇಲೆ ಭೂಪ್ರದಕ್ಷಿಣೆ ಮಾಡಿ 1928ರಲ್ಲಿ ಹಿಂದಿರುಗಿದರು. ಆಗ ಮೋಟಾರು ಗಾಡಿಯೇ ಫ್ಯಾಷನ್ನಾಗಿದ್ದಿತು.

ನ್ಯಾಯವಾಗಿ ಹೇಳುವುದಾದರೆ ಬೈಸಿಕಲ್ಲಿನವರಲ್ಲಿಯೂ ದೋಷವಿಲ್ಲದೆ ಇಲ್ಲ. “ಬ್ರೆವೆ” ಎಂಬ ಪಂಥದವರು 200 ಕಿಲೋಮೀಟರನ್ನು 13 ಗಂಟೆ 30 ನಿಮಿಷಗಳೊಳಗೆ ತುಳಿದು ಮುಗಿಸಬೇಕೆಂದು ವ್ರತ ಹಿಡಿಯುವರು. ದೇಹಶಕ್ತಿಗೆ ನಮಸ್ಕಾರ. ಆದರೆ ಘಟ್ಟದ ತಿರುವಿನಲ್ಲಿ ಗಡಿಯಾರವನ್ನೇ ನೋಡುವವನಿಗೂ ಕಾರಿನವನಿಗೂ ಇರುವ ಭೇದ ಬೆವರು ಒಂದೇ. ಇನ್ನು ಕೆಲವರು ಬೈಸಿಕಲ್ಲನ್ನು ಗಾಡಿಯ ಮೇಲೆ ಹೇರಿ ಆಗುಂಬೆಗೆ ಒಯ್ದು, ಇಳಿಜಾರನ್ನು ಮಾತ್ರ ಸವಾರಿ ಮಾಡುವರು. ಪಾಯಸವನ್ನು ಬಿಟ್ಟು ದ್ರಾಕ್ಷಿಯನ್ನು ಮಾತ್ರ ಆರಿಸಿ ತಿನ್ನುವ ಮಕ್ಕಳಿಗೆ ಏನು ಹೇಳುವರೋ ಇವರಿಗೂ ಅದನ್ನೇ ಹೇಳತಕ್ಕದ್ದು. ಇಂಥವರನ್ನು ತೋರಿಸಿ ಅಧಿಕಾರಿಗಳು “ಇದು ಕ್ರೀಡೆ, ಕ್ರೀಡೆಗೆ ಮೈದಾನವಿದೆ” ಎಂದು ಜಾರಿಕೊಳ್ಳುವರು.

ತಡಮಾಡಿದರೆ ಆಗುವುದೇನೆಂಬುದಕ್ಕೂ ನಿದರ್ಶನವಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಸಿಕಲ್ಲು, ಮೋಟಾರ್ ಬೈಕು, ಆಟೋ ಮೊದಲಾದುವನ್ನು ನಿಷೇಧಿಸಿದರು. ಅಲ್ಲಿ ಬದಿಗೆ ಬೇರೆ ರಸ್ತೆಯಾದರೂ ಇರುವುದು. ಕಡಲಿಗೂ ಬೆಟ್ಟಕ್ಕೂ ನಡುವೆ ಸಿಕ್ಕಿಕೊಂಡ ಈ ಸೀಮೆಯಲ್ಲಿ ಬೇರೆ ದಾರಿ ಎಲ್ಲಿದೆ?

ಆಗುಂಬೆಯ ಕೆಳಗೆ ಸುರಂಗ ಕೊರೆಯಬೇಕೆಂಬ ಪ್ರಸ್ತಾಪವು ಕೆಲವು ವರ್ಷಗಳಿಂದ ಕೇಳಿಬರುತ್ತಿರುವುದು. ಆ ಬೆಟ್ಟದ ಹೊಟ್ಟೆಯನ್ನು ಬಗೆಯಬಹುದೇ ಎಂಬುದು ಬೇರೆಯೇ ಆದ ವಾದ. ಕಾಡನ್ನೂ ನೀರನ್ನೂ ಬಲ್ಲವರು ಮೊದಲು ಅದಕ್ಕೆ ಉತ್ತರ ಕೊಡಲಿ. ಅದು ಆಗಿಯೇ ತೀರುವುದಾದರೆ, ಅವಸರದವರೆಲ್ಲರೂ ಕತ್ತಲೆಯ ಆ ಬಿಲದಲ್ಲಿ ಸುಖವಾಗಿ ನುಗ್ಗಿ ಹೋಗಲಿ. ಮೇಲಿನ 14 ತಿರುವುಗಳ ಹಳೆಯ ರಸ್ತೆಯನ್ನು ಕಾಲುನಡಿಗೆಯವರಿಗೂ ಬೈಸಿಕಲ್ಲಿನವರಿಗೂ ಬಿಟ್ಟುಕೊಡುವುದೆಂದು ಆ ಪ್ರಸ್ತಾಪದ ಕಾಗದದಲ್ಲಿಯೇ, ಕೆಲಸ ಆರಂಭವಾಗುವ ಮೊದಲೇ, ಬರೆಯಿಸಿಕೊಳ್ಳಬೇಕಾದದ್ದು ಉಡುಪಿ, ಶಿವಮೊಗ್ಗ ಎರಡೂ ಜಿಲ್ಲೆಗಳ ಪ್ರತಿನಿಧಿಗಳ ಕೆಲಸ.