ಪಡುಗೋಡೆಗೊಂದು ಅಂಗಿ

ಮುಂಬಯಿಯಲ್ಲಿ ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ ಕಟ್ಟಡಗಳು ಒಂದೊಂದಾಗಿ ನೀಲಿ ತಾಡಪತ್ರಿಯನ್ನು ಹೊದೆಯತೊಡಗುತ್ತವೆ. ನಮ್ಮ ಸೊಸಾಯಟಿಯ ಸಭೆಯಲ್ಲಿಯೂ ಆಗ ಒಂದೇ ವಿಷಯ: ಯಾರ ಗೋಡೆ ಸೋರುತ್ತದೆ, ಯಾರು ದುಡ್ಡು ಕೊಡಬೇಕು? ಈ ಚರ್ಚೆ ನಡೆಯುವಾಗ ನಾವು ಬಾಯಿ ತೆರೆಯುವುದಿಲ್ಲ. ಗೋಡೆಯ ವಿಷಯದಲ್ಲಿ ಪಂಡಿತರೆಂದು ಮೆರೆದು, ಎರಡು ಸಲ ದುಡ್ಡು ಕಳೆದುಕೊಂಡು, ಮೂರನೆಯ ಸಲಕ್ಕೆ ಬುದ್ಧಿ ಕಲಿತವರು ನಾವು. ಆ ಕಥೆಯನ್ನೇ ಈ ಸಂಚಿಕೆಯಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಊರಿನಲ್ಲೊಂದು ಹಳೆಯ ಮನೆ, ಅದರಲ್ಲೊಬ್ಬ ವಯಸ್ಸಾದ ತಾಯಿ, ಇಲ್ಲಿಂದ ತಿಂಗಳಿಗಿಷ್ಟೆಂದು ಕಳಿಸುವ ಹಣ, ಈ ಮೂರೂ ಉಳ್ಳವರು ನಮ್ಮ ಸಂಘದಲ್ಲಿ ಕಡಿಮೆಯಿಲ್ಲವಷ್ಟೆ.

ನಮ್ಮ ಮನೆ ಇರುವುದು ಕುಮಟಾ ತಾಲೂಕಿನಲ್ಲಿ, ಕಡಲಿಗೆ ಕೂಗಳತೆಯ ದೂರದಲ್ಲಿ. ಗೋಡೆಗಳು ಚಿರೆಕಲ್ಲಿನವು, ದಕ್ಷಿಣ ಕನ್ನಡದವರು ಮುರಕಲ್ಲು ಎನ್ನುವುದೂ ಇದನ್ನೇ. ಈ ಕಲ್ಲನ್ನು ನೆಲದಿಂದ ಎಬ್ಬಿಸುವಾಗ ಮೆತ್ತಗಿರುತ್ತದೆ, ಕೊಡಲಿಯಿಂದ ಕೆತ್ತಬಹುದು. ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಇದನ್ನು ಮಲಬಾರಿನಲ್ಲಿ ಕಂಡು 1807ರ ತನ್ನ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಕರೆದವನು ಬುಕಾನನ್. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬರ್ಥದ ಮಾತಿನಿಂದ ಆ ಹೆಸರು ಬಂತು. ಹೆಸರು ಇಟ್ಟಿಗೆಯದಾದರೂ ಮೈಯೆಲ್ಲ ತೂತು; ನೀರನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚು ಕಡಿಮೆ 3,500 ಮಿಲಿಮೀಟರು. ಅದರಲ್ಲಿ ಬಹುಪಾಲು ಜೂನಿನಿಂದ ಸಪ್ಟೆಂಬರಿನೊಳಗೆ ಸುರಿಯುವಂಥದು. ನೇರವಾಗಿ ಬಿದ್ದಿದ್ದರೆ ಮಾಡು ನೋಡಿಕೊಳ್ಳುತ್ತಿತ್ತು. ಆದರೆ ಪಡುಗಾಳಿ ಅದನ್ನು ಅಡ್ಡಡ್ಡ ಹೊಡೆಯುತ್ತದೆ. ಮೂರು ದಿಕ್ಕಿನ ಗೋಡೆಗಳು ಹೇಗೋ ಇರುತ್ತವೆ; ಪಡುಗೋಡೆ ಮಾತ್ರ ನಾಲ್ಕು ತಿಂಗಳು ಪೆಟ್ಟು ತಿನ್ನುತ್ತ ನಿಲ್ಲುತ್ತದೆ. ಕಡಲಗಾಳಿಯ ಉಪ್ಪು ಬೇರೆ.

ನಮ್ಮ ತೀರ್ಥರೂಪರು ಇದ್ದಷ್ಟು ದಿನ ಇದಕ್ಕೊಂದು ಕ್ರಮವಿತ್ತು. ಮೃಗಶಿರಾ ಮಳೆ ಹಿಡಿಯುವ ಮೊದಲು ತೆಂಗಿನ ಗರಿಯ ತಟ್ಟಿಗಳನ್ನು ಹೆಣೆಸಿ, ಸೂರಿನ ಅಂಚಿನಿಂದ ಇಳಿಬಿಟ್ಟು, ಬಿದಿರ ಗಳುವಿಗೆ ಕಟ್ಟಿಸುತ್ತಿದ್ದರು. ಗೋಡೆ ಕಾಣುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಬಿಚ್ಚಿದ ತಟ್ಟಿ ಬಚ್ಚಲ ಒಲೆಗೆ ಹೋಗುತ್ತಿತ್ತು. ಅವರು ತೀರಿಕೊಂಡ ಮೇಲೆ ತಟ್ಟಿ ಹೆಣೆಯುವವರೂ ಸಿಗದಾದರು. ಕಛೇರಿಯಲ್ಲಿ ವರ್ಷವರ್ಷವೂ ಅದೇ ಟಿಪ್ಪಣಿ ಬರೆದು ಬೇಸತ್ತ ನಮಗೆ, ಮನೆಗಾದರೂ ಒಂದು ‘ಶಾಶ್ವತ ಪರಿಹಾರ’ ಮಾಡೋಣವೆನಿಸಿತು.

2018ರ ಬೇಸಿಗೆಯಲ್ಲಿ ಕ್ರೆಡಿಟ್ ಸೊಸಾಯಟಿಯಿಂದ ಸಾಲ ತೆಗೆದು, ಪಡುಗೋಡೆಯ ಹಳೆಯ ಸುಣ್ಣದ ಗಾರೆಯ ಮೇಲೆಯೇ ಸಿಮೆಂಟು ಬಳಿಸಿ, ಅದರ ಮೇಲೆ ನೀರು ಹಿಡಿಯದ ಬಣ್ಣ ಹೊಡೆಸಿದೆವು. ಹೊರಗಿನಿಂದ ಗೋಡೆ ಮದುಮಗನಂತೆ ಕಾಣುತ್ತಿತ್ತು. ಎರಡನೆಯ ಮಳೆಗಾಲದಲ್ಲಿ ಅದು ಒಳಗಿನಿಂದ ಬೆವರತೊಡಗಿತು. ಸಿಮೆಂಟಿನಲ್ಲಿ ಕೂದಲೆಳೆಯ ಬಿರುಕುಗಳು ಬಿದ್ದು, ಅವುಗಳಿಂದ ನೀರು ಒಳಗೆ ಹೋಯಿತು. ನೆಲದ ತೇವವೂ ಕೆಳಗಿನಿಂದ ಏರಿತು. ಮೊದಲಾದರೆ ಬಿಸಿಲು ಬಿದ್ದಾಗ ಅದು ಸುಣ್ಣದ ಮೂಲಕ ಹೊರಕ್ಕೆ ಆರಿಹೋಗುತ್ತಿತ್ತು. ನಾವು ಹೊರಬಾಗಿಲು ಮುಚ್ಚಿದ್ದರಿಂದ ಅದು ಒಳಬಾಗಿಲಿಗೆ ಬಂತು. ಪಡುಕೋಣೆಯ ಗೋಡೆಯಲ್ಲಿ ಬೂಷ್ಟು, ಉಪ್ಪಿನ ಬಿಳಿ ಹೂ. ಆ ಕೋಣೆಯಲ್ಲಿ ಮಲಗುತ್ತಿದ್ದ ಆಯಿಗೆ ಬಿಡದ ಕೆಮ್ಮು. ಜಾಗ ಬದಲಿಸಿ ಎಂದು ವೈದ್ಯರು ಹೇಳಿದರು. ಮುಂಬಯಿಗೆ ಬಾ ಎಂದರೆ ಆಯಿ ಬರಲಿಲ್ಲ. ಅಡಿಗೆಮನೆಯಲ್ಲಿ ಚಾಪೆ ಹಾಸಿಕೊಂಡರು.

ಆ ಗೋಡೆಗೆ ತಾಗಿ ಒಂದು ಟ್ರಂಕು ಇತ್ತು. ತೀರ್ಥರೂಪರು ಮುಂಬಯಿಯಲ್ಲಿ ನೌಕರಿಗಿದ್ದಾಗ ಆಯಿಗೆ ಬರೆದ ಕಾಗದಗಳನ್ನು ಅವರು ಅದರಲ್ಲಿ ಕಟ್ಟಿಟ್ಟಿದ್ದರು. ನಾವು ರಜೆಗೆ ಹೋದಾಗ ಟ್ರಂಕು ತೆರೆದರೆ ಅದರ ತಳ ತುಕ್ಕು ಹಿಡಿದು ತೂತಾಗಿತ್ತು. ಕಾಗದಗಳೆಲ್ಲ ಒಂದೇ ಮುದ್ದೆಯಾಗಿದ್ದವು. ಬಿಡಿಸಲು ಹೋದರೆ ಹುಡಿ. ಆಯಿ ನಮ್ಮನ್ನು ಬೈಯಲಿಲ್ಲ. “ನೀ ಗೋಡೆಗೆ ಅಂಗಿ ತೊಡಸಿದ್ದಲ್ಲ ತಮಾ, ಮೂಗು-ಬಾಯಿ ಕಟ್ಟಿದ್ದು” ಎಂದಷ್ಟೇ ಹೇಳಿದರು. ಬೈದಿದ್ದರೆ ಮೇಲಿತ್ತು.

ಆದರೂ ನಮಗೆ ಬುದ್ಧಿ ಬರಲಿಲ್ಲವೆಂಬುದಕ್ಕೆ ಎರಡನೆಯ ಅಧ್ಯಾಯ ಸಾಕ್ಷಿ. 2020ರ ಜನವರಿಯಲ್ಲಿ ದೂರವಾಣಿಯ ಮೇಲೆಯೇ ಗುತ್ತಿಗೆ ಗೊತ್ತುಮಾಡಿ, ಆ ಗೋಡೆಗೆ ತಗಡಿನ ಹಾಳೆಗಳನ್ನು ಹೊಡೆಸಿದೆವು. ಗೋಡೆಗೆ ಅಂಟಿಸಿಯೇ ಹೊಡೆದರು, ಸಾಧಾರಣ ಕಬ್ಬಿಣದ ಮೊಳೆಗಳಿಂದ. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಆ ಮಳೆಗಾಲ ಊರಿಗೆ ಹೋಗಲಾಗಲಿಲ್ಲ. ಫೋನಿನಲ್ಲಿ ಬಂದ ಚಿತ್ರದಲ್ಲಿ ಹಾಳೆಗಳು ಥಳಥಳಿಸುತ್ತಿದ್ದವು. ಉಪ್ಪುಗಾಳಿ ಮೊಳೆಯ ತಲೆಗಳನ್ನು ತಿನ್ನುತ್ತಿದ್ದುದು ಚಿತ್ರದಲ್ಲಿ ಕಾಣುವಂಥದಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಬಡಗಣಕ್ಕೆ ಹೋಯಿತು. ಆ ದಿನ ಒಂದು ಹಾಳೆ ಕಿತ್ತು ಹಾರಿ, ಆಯಿ ನಿತ್ಯ ಬಟ್ಟೆ ಒಣಹಾಕುವ ಜಾಗದಲ್ಲಿ ಬಂದು ಬಿತ್ತು. ಮಳೆಯೆಂದು ಅವರು ಹೊರಗೆ ಬಂದಿರಲಿಲ್ಲ. ಬಂದಿದ್ದರೆ ಎಂಬುದನ್ನು ನಾವು ಇಂದಿಗೂ ಪೂರ್ತಿ ಯೋಚಿಸುವುದಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಕಛೇರಿಗೆ ದೀರ್ಘ ರಜೆಯ ಅರ್ಜಿ ಹಾಕಿದೆವು. ಕಾರಣ: ತಾಯಿಯ ಅನಾರೋಗ್ಯ. ಗೋಡೆಯ ಅನಾರೋಗ್ಯವೆಂದು ಬರೆದಿದ್ದರೆ ಸಾಹೇಬರು ಒಪ್ಪುತ್ತಿರಲಿಲ್ಲ. ಎರಡೂ ಒಂದೇ ಎಂಬುದು ನಮಗೆ ಮಾತ್ರ ಗೊತ್ತಿತ್ತು.

ಊರಿನ ವೃದ್ಧ ಗೌಂಡಿಯೊಬ್ಬರು ಗೋಡೆಯನ್ನು ತಟ್ಟಿ ನೋಡಿ, ನಿಮ್ಮ ತಂದೆಯವರು ಕಟ್ಟಿಸುತ್ತಿದ್ದ ತಟ್ಟಿ ಗೋಡೆಗೆ ತಾಗುತ್ತಿತ್ತೇ ಎಂದು ಕೇಳಿದರು. ನೆನಪು ಮಾಡಿಕೊಂಡೆವು. ತಾಗುತ್ತಿರಲಿಲ್ಲ. ತಟ್ಟಿಗೂ ಗೋಡೆಗೂ ನಡುವೆ ಗೇಣು ಜಾಗ. ಚಿಕ್ಕಂದಿನಲ್ಲಿ ನಾವು ಅಲ್ಲಿ ಅಡಗಿ ಆಡಿದ್ದೆವು. ಇಷ್ಟು ವರ್ಷ ಕಣ್ಣೆದುರಿಗಿದ್ದದ್ದು ಅಂದು ತಲೆಗೆ ಹೋಯಿತು. ಮಳೆಯನ್ನು ತಡೆಯುವ ಕೆಲಸ ಹೊದಿಕೆಯದು. ಅದನ್ನೂ ದಾಟಿ ಬಂದ ಹನಿಯನ್ನು ಕೆಳಗಿಳಿಸಿ, ಗೋಡೆಯನ್ನು ಆರಿಸುವ ಕೆಲಸ ನಡುವಿನ ಗಾಳಿಯದು. ಈ ಎರಡನ್ನೂ ಒಂದೇ ವಸ್ತುವಿನಿಂದ ಮಾಡಿಸಹೊರಟದ್ದೇ ನಮ್ಮ ತಪ್ಪು.

ಮೊದಲು ಸಿಮೆಂಟನ್ನು ಕೆತ್ತಿ ತೆಗೆಸಿ, ಕಲ್ಲನ್ನು ಮಾರ್ಚಿಯ ತನಕ ಬಿಸಿಲಿಗೆ ಬಿಟ್ಟೆವು. ಒಣಗಿತೋ ಇಲ್ಲವೋ ಎಂದು ನೋಡಲು ಸುಲಭ ಉಪಾಯವಿದೆ: ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ, ಒಳಮೈಯಲ್ಲಿ ಹನಿ ಕಟ್ಟಿದರೆ ಇನ್ನೂ ತೇವವಿದೆಯೆಂದು ತಿಳಿಯಿರಿ. ಆಮೇಲೆ ಅಘನಾಶಿನಿ ಅಳಿವೆಯ ಚಿಪ್ಪಿನ ಸುಣ್ಣದಿಂದ ಗಾರೆ ಮಾಡಿಸಿದೆವು.

ಇನ್ನು ಹೊದಿಕೆ ಯಾವುದು? ತಟ್ಟಿ ಎಲ್ಲಕ್ಕಿಂತ ಒಳ್ಳೆಯದು, ಮಾಡಿಕೊಡುವವರಿದ್ದರೆ. ತಗಡಿನಲ್ಲಿ ಅಲ್ಯುಮಿನಿಯಮ್-ಸತುವಿನ ಲೇಪವಿದ್ದು ಬಣ್ಣ ಹಚ್ಚಿದ ಜಾತಿ ಸಾಧಾರಣ ತಗಡಿಗಿಂತ ಬಾಳುತ್ತದೆ. ಆದರೆ ಕತ್ತರಿಸಿದ ಅಂಚಿನಿಂದ ತುಕ್ಕು ಮೊದಲಾಗುತ್ತದೆ, ಮಳೆಯ ಸದ್ದೂ ಬಹಳ. ಪಿ.ವಿ.ಸಿ. ಪಟ್ಟಿಗಳು ತುಕ್ಕು ಹಿಡಿಯುವುದಿಲ್ಲ, ಅಗ್ಗ. ಬಿಸಿಲಿಗೆ ಹಿಗ್ಗುತ್ತವೆ, ಕ್ರಮೇಣ ಪೆಡಸಾಗುತ್ತವೆ. ಮರ ಚೆಲುವಾದದ್ದು, ಆದರೆ ಗೆದ್ದಲಿಗೂ ಹಾಗೆಯೇ ಅನಿಸುತ್ತದೆ. ಕಲ್ನಾರಿನ ಶೀಟು, ಅಂದರೆ ಆಸ್ಬೆಸ್ಟಾಸ್, ಬೇಡವೇ ಬೇಡ. ಅದರ ಧೂಳು ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಮಾತು. ಎಷ್ಟೋ ದೇಶಗಳು ಅದನ್ನು ನಿಷೇಧಿಸಿವೆ. ಹಳೆಯ ಶೀಟು ಮನೆಯ ಮೇಲಿದ್ದರೆ ಅದನ್ನು ಕೊರೆಯಲು, ಗರಗಸದಿಂದ ಕೊಯ್ಯಲು ಹೋಗಬಾರದು. ಮಂಗಳೂರು ಹೆಂಚನ್ನು ರೀಪಿಗೆ ತೂಗಹಾಕಿ ಗೋಡೆಯನ್ನು ಮುಚ್ಚುವುದೂ ಉಂಟು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನಮ್ಮ ಮಳೆಯನ್ನು ಬಲ್ಲ ವಸ್ತು ಅದು. ಮಾಡಿನ ಕೆಳಗಿನ ತ್ರಿಕೋನದ ಗೋಡೆಗೆ ನಾವು ಅದನ್ನೇ ಹಾಕಿಸಿದೆವು. ಉಳಿದ ಗೋಡೆಗೆ ಕಲ್ನಾರಿಲ್ಲದ ಫೈಬರ್ ಸಿಮೆಂಟಿನ ಉದ್ದ ಹಲಗೆ. ಅದು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ದೋಷವೆಂದರೆ ಮೂಲೆ ಬೇಗ ಒಡೆಯುತ್ತದೆ. ಕೊಯ್ದ ಅಂಚು ನೀರು ಕುಡಿಯುತ್ತದೆ, ಆದ್ದರಿಂದ ಅಂಚಿಗೆ ಬಣ್ಣ ಬಳಿದೇ ಮೇಲೇರಿಸಬೇಕು. ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದು. ಬಯಲಿನಲ್ಲಿ, ಮುಖವಾಡ ತೊಟ್ಟು ಕೊಯ್ಯಬೇಕು.

ಕೂಡಿಸಿದ ಬಗೆ ಹೀಗೆ. ಗೆದ್ದಲಿನ ಔಷಧಿ ಉಣಿಸಿದ ಒಂದಿಂಚು ದಪ್ಪದ ರೀಪುಗಳನ್ನು ಗೋಡೆಗೆ ಉದ್ದುದ್ದ ನಿಲ್ಲಿಸಿದೆವು, ಅಡ್ಡಲಾಗಿ ಅಲ್ಲ. ಅಡ್ಡ ಹಾಕಿದರೆ ಪ್ರತಿ ರೀಪಿನ ಮೇಲೂ ನೀರು ನಿಲ್ಲುತ್ತದೆ, ಗಾಳಿಯೂ ಏರುವುದಿಲ್ಲ. ತಿರುಪುಗಳನ್ನು ಕೂರಿಸಿದ್ದು ಕಲ್ಲಿನ ಹೊಟ್ಟೆಯಲ್ಲಿ, ಗಾರೆಯ ಸಂದಿಯಲ್ಲಲ್ಲ. ಹಲಗೆಗಳನ್ನು ಕೆಳಗಿನಿಂದ ಮೇಲಕ್ಕೆ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒಂದೂಕಾಲು ಇಂಚು ಚಾಚಿಕೊಳ್ಳುವಂತೆ ಹೊಡೆದೆವು. ಕೆಳಗಿನ ಹಲಗೆ ನೆಲದಿಂದ ಎಂಟು ಇಂಚು ಮೇಲೆ. ಇಲ್ಲದಿದ್ದರೆ ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿದು ಅದನ್ನೇ ನೆನೆಸುತ್ತದೆ. ಕೆಳಗೂ ಮೇಲೂ ಗಾಳಿಗೆ ದಾರಿ ಬಿಟ್ಟು, ಇಲಿ ಕಣಜಗಳು ಸೇರದಂತೆ ಜಾಳಿಗೆ ಕೂರಿಸಿದೆವು. ಕಿಟಕಿಯ ನೆತ್ತಿಯ ಮೇಲೆ ಮಡಿಸಿದ ಅಲ್ಯುಮಿನಿಯಮ್ ಪಟ್ಟಿ ಬೇಕೇಬೇಕು. ಅದರ ಮೇಲಿನ ತುದಿ ಹಲಗೆಯ ಹಿಂದಕ್ಕೆ ಹೋಗಬೇಕು, ಕೆಳಗಿನ ತುದಿ ಹೊರಕ್ಕೆ ಬರಬೇಕು. ಹೊದಿಕೆ ಮೊದಲು ಸೋರುವುದು ಸಾಮಾನ್ಯವಾಗಿ ಕಿಟಕಿಯ ಬಳಿಯಲ್ಲೇ.

ತಿರುಪಿನ ವಿಷಯದಲ್ಲಿ ಜಿಪುಣತನ ಸಲ್ಲದು. ಕಡಲ ಬದಿಗೆ ತಕ್ಕದ್ದು 316 ಎಂಬ ಗುರುತಿನ ಸ್ಟೇನ್‌ಲೆಸ್ ಉಕ್ಕು. ಅದರಲ್ಲಿ ಬೆರೆತ ಮೊಲಿಬ್ಡಿನಮ್ ಉಪ್ಪನ್ನು ತಾಳಿಕೊಳ್ಳುತ್ತದೆ. ನಾವು ಮುಂಬಯಿಯಿಂದ ಹೋಗುವಾಗ ಫ್ರಿಜ್ಜಿನ ಬಾಗಿಲಿಗೆ ಮಗಳು ಅಂಟಿಸಿದ್ದ ಆಯಸ್ಕಾಂತದ ಚಿಟ್ಟೆಯೊಂದನ್ನು ಕಿಸೆಗೆ ಹಾಕಿಕೊಂಡಿದ್ದೆವು. ಬಂದ ಮೊದಲ ಪೊಟ್ಟಣದ ತಿರುಪುಗಳು ಚಿಟ್ಟೆಯನ್ನು ಬಿಡದೆ ಹಿಡಿದುಕೊಂಡವು: ಸತು ಸವರಿದ ಸಾಧಾರಣ ಕಬ್ಬಿಣ. ಮರಳಿ ಕಳಿಸಿದೆವು. ಚಿಟ್ಟೆ 316ನ್ನೂ ಅದಕ್ಕಿಂತ ಕೆಳಗಿನ ಸ್ಟೇನ್‌ಲೆಸ್ಸನ್ನೂ ಬೇರ್ಪಡಿಸಿ ಹೇಳಲಾರದು; ಅದಕ್ಕೆ ಪೊಟ್ಟಣದ ಮೇಲಿನ ಗುರುತನ್ನೂ ಬಿಲ್ಲನ್ನೂ ನೋಡಬೇಕು.

ಕೆಲಸ ಮುಗಿದದ್ದು 2022ರ ಮೇ ಕೊನೆಗೆ. ಮೊದಲಿನ ಎರಡು ಸಲ ಕಳೆದುಕೊಂಡ ಹಣವನ್ನು ಕೂಡಿಸಿದರೆ ಇದಕ್ಕೆ ತಗಲಿದ ವೆಚ್ಚಕ್ಕಿಂತ ಹೆಚ್ಚಾಗುತ್ತದೆ. ಆ ಲೆಕ್ಕವನ್ನು ನಮ್ಮ ಮನೆಯಾಕೆ ಸಂದರ್ಭ ಬಂದಾಗಲೆಲ್ಲ ತಪ್ಪಿಲ್ಲದೆ ಹೇಳುತ್ತಾರೆ. ಆಮೇಲೆ ಮೂರು ಮಳೆಗಾಲಗಳು ಕಳೆದವು. ಗೋಡೆಯ ಬುಡದಲ್ಲಿ ನೆಲದ ತೇವ ಸ್ವಲ್ಪ ಉಳಿದಿದೆ. ಹೊದಿಕೆಯಿಂದ ಹೋಗುವಂಥದಲ್ಲ ಅದು. ಬೂಷ್ಟು ಬಂದಿಲ್ಲ. ವರ್ಷಕ್ಕೊಮ್ಮೆ ಸಿಹಿನೀರಿನಿಂದ ಹಲಗೆಯ ಉಪ್ಪನ್ನು ತೊಳೆಯಿಸುತ್ತೇವೆ. ಸಡಿಲಾದ ತಿರುಪುಗಳಿವೆಯೇ ಎಂದು ನಾವೇ ಹೋಗಿ ನೋಡುತ್ತೇವೆ. ಫೋನಿನ ಚಿತ್ರವನ್ನು ನಂಬುವುದಿಲ್ಲ.

ಆಯಿ ಮತ್ತೆ ಪಡುಕೋಣೆಯಲ್ಲಿ ಮಲಗುತ್ತಾರೆ. ಕೆಮ್ಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಕಾಗದಗಳ ಆ ಮುದ್ದೆಯನ್ನು ಅವರು ಬಿಸಾಡಗೊಟ್ಟಿಲ್ಲ. ಹೊಸ ಡಬ್ಬಿಯಲ್ಲಿ, ಗೋಡೆಯಿಂದ ಒಂದು ಮಾರು ದೂರ, ಮಣೆಯ ಮೇಲೆ ಇಟ್ಟಿದ್ದಾರೆ. ಮಳೆ ಹಿಡಿದ ರಾತ್ರಿ ನಾವು ಇಲ್ಲಿಂದ ಫೋನು ಮಾಡಿ ಗೋಡೆ ಹೇಗಿದೆ ಎಂದು ಕೇಳಿದರೆ, “ಮಳೆ ಜೋರಿದ್ದು. ಗೋಡೆ ಬೆಚ್ಚಗಿದ್ದು. ನಿಂದು ಊಟ ಆತೋ?” ಎನ್ನುತ್ತಾರೆ.

ಪಡುಗೋಡೆಯ ಬಗ್ಗೆ ನಿಮ್ಮ ನಿಮ್ಮ ಊರಿನ ಪದ್ಧತಿಗಳೇನಾದರೂ ಇದ್ದರೆ ಬರೆದು ತಿಳಿಸಿರಿ. ತಟ್ಟಿ ಹೆಣೆಯುವವರ ಪತ್ತೆ ಗೊತ್ತಿದ್ದರಂತೂ ಅವಶ್ಯವಾಗಿ ಬರೆಯಿರಿ. ನಮ್ಮ ಮನೆಗೆ ತೆಂಕಣ ಗೋಡೆಯೊಂದು ಇನ್ನೂ ಉಳಿದಿದೆ.